ಡಿಲೀಟ್ ಆದ ಮೆಸೇಜ್ ಆ್ಯಪ್ ಹಾಕಿದ್ರೆ ವಾಪಸ್ ಬರುತ್ತಾ? ದುಡ್ಡು ಕಟ್ಟೋ ಮುಂಚೆ ತಿಳ್ಕೊಳ್ಳಿ

ಚಳ್ಳಕೆರೆ/ಮೊಳಕಾಲ್ಮುರು: ಶೇಂಗಾ ರೇಟು ಮಾತಾಡೋದು ವಾಟ್ಸ್ಆ್ಯಪ್‌ನಲ್ಲಿ. ರೇಷ್ಮೆ ಸೀರೆ ಆರ್ಡರ್ ಬರೋದು ವಾಟ್ಸ್ಆ್ಯಪ್‌ನಲ್ಲಿ. ಉದ್ರಿ ಲೆಕ್ಕದ ಪುಟ ಫೋಟೊ ಹೊಡೆದು ಕಳಿಸೋದೂ ಅಲ್ಲೇ. ಒಂದು ದಿನ ಬೆಳಿಗ್ಗೆ ನೋಡಿದ್ರೆ ಪಾರ್ಟಿ ಕಳಿಸಿದ್ದ ಮೆಸೇಜ್ ಇದ್ದ ಜಾಗದಲ್ಲಿ 'ಡಿಲೀಟ್ ಮಾಡಲಾಗಿದೆ' ಅನ್ನೋ ಒಂದು ಸಾಲು ಮಾತ್ರ ಇರುತ್ತೆ. ವ್ಯಾಪಾರದಲ್ಲಿ ಆ ಒಂದು ಮೆಸೇಜ್ ಅಂದ್ರೆ ಸಾವಿರಾರು ರೂಪಾಯಿ.

ಇಂಥ ಹೊತ್ತಲ್ಲೇ ಫೋನಿನಲ್ಲಿ ಜಾಹೀರಾತು ಕಾಣುತ್ತೆ. 'ಡಿಲೀಟ್ ಆದ ಎಲ್ಲಾ ಮೆಸೇಜ್ ವಾಪಸ್ ತೆಗೀರಿ', 'ಮಕ್ಕಳ ಫೋನ್, ಹೆಂಡತಿ ಫೋನ್, ಕೆಲಸದವರ ಫೋನ್ ಕೂತಲ್ಲೇ ನೋಡಿ' ಅಂತ. ಇವನ್ನ ಮಾನಿಟರಿಂಗ್ ಆ್ಯಪ್ ಅಂತಾರೆ, ಜನರ ಬಾಯಲ್ಲಿ ಸ್ಪೈ ಆ್ಯಪ್. ಇವು ನಿಜವಾಗ್ಲೂ ಅಳಿಸಿದ್ದನ್ನ ತೆಗೀತಾವಾ? ಹಾಕೋದು ಕಾನೂನಿಗೆ ಸರಿನಾ? ಮೆಸೇಜ್ ಬೇಕೇ ಬೇಕು ಅಂದ್ರೆ ಏನು ಮಾಡ್ಬೇಕು? ಇಲ್ಲಿದೆ ಪೂರ್ತಿ ಮಾಹಿತಿ.

ಮೊದಲು ಚುಟುಕು ಉತ್ತರ

ಆ್ಯಪ್ ಹಾಕೋ ಮುಂಚೆನೇ ಡಿಲೀಟ್ ಆಗಿರೋ ಮೆಸೇಜನ್ನ ಮಾನಿಟರಿಂಗ್ ಆ್ಯಪ್ ವಾಪಸ್ ತರಲ್ಲ. ಆ್ಯಪ್ ಹಾಕಿದ ಮೇಲೆ ಬಂದ ಮೆಸೇಜ್ ಆದ್ರೆ, ಅದು ಅಳಿಸೋ ಮುಂಚೆನೇ ಒಂದು ನಕಲು ಮಾಡಿಟ್ಟುಕೊಂಡಿರಬಹುದು. ಆಮೇಲೆ ಆ ನಕಲನ್ನೇ ತೋರಿಸಿ 'ವಾಪಸ್ ತಂದ್ವಿ' ಅನ್ನುತ್ತೆ. ಅಂದ್ರೆ ಅದು ಕಳೆದಿದ್ದನ್ನ ಹುಡುಕಿ ಕೊಡೋ ಆ್ಯಪ್ ಅಲ್ಲ, ಬಾಗಿಲ ಹತ್ರ ಕೂತು ಹೋಗೋ ಬರೋದನ್ನೆಲ್ಲ ಬರ್ಕೊಳ್ಳೋ ಆ್ಯಪ್. ಅದು ಬರ್ಕೊಳ್ಳೋದು ಮೆಸೇಜ್ ಒಂದನ್ನೇ ಅಲ್ಲ ಅನ್ನೋದೇ ಇಲ್ಲಿ ಅಪಾಯ.

ಅಳಿಸಿದ ಮೆಸೇಜ್ ಎಲ್ಲಿಗೆ ಹೋಗುತ್ತೆ?

ಅಂಗಡಿ ಲೆಕ್ಕದ ಪುಸ್ತಕ ನೆನಪು ಮಾಡ್ಕೊಳ್ಳಿ. ಮುಂದಿನ ಪುಟದಲ್ಲಿ 'ಇಂಥವರ ಲೆಕ್ಕ 40ನೇ ಪುಟ' ಅಂತ ಬರೆದಿರುತ್ತೆ. ಆ ಒಂದು ಸಾಲು ಹೊಡೆದು ಹಾಕಿದ್ರೆ ಲೆಕ್ಕ ಸಿಗಲ್ಲ, ಆದ್ರೆ 40ನೇ ಪುಟ ಇನ್ನೂ ಅಲ್ಲೇ ಇರುತ್ತೆ. ಅದರ ಮೇಲೆ ಬೇರೆ ಲೆಕ್ಕ ಬರೆದಾಗ ಮಾತ್ರ ಹಳೇದು ಪೂರ್ತಿ ಹೋಗುತ್ತೆ. ಫೋನಿನಲ್ಲೂ ಹೀಗೇ. ಡಿಲೀಟ್ ಒತ್ತಿದ ತಕ್ಷಣ ಅಕ್ಷರ ಪೂರ್ತಿ ಅಳಿಸಿ ಹೋಗದೇ ಇರಬಹುದು. 'ಈ ಜಾಗ ಖಾಲಿ' ಅನ್ನೋ ಗುರುತು ಬೀಳುತ್ತೆ, ಹೊಸ ಮೆಸೇಜ್, ಫೋಟೊ, ವಿಡಿಯೊ ಬಂದಂಗೆ ಆ ಜಾಗ ತುಂಬುತ್ತೆ.

ಹಳೇ ಫೋನುಗಳಲ್ಲಿ ಈ ಖಾಲಿ ಜಾಗ ಕೆದಕಿ ಒಂದಿಷ್ಟು ತೆಗೀಬಹುದಿತ್ತು. ಈಗ ಅದಕ್ಕೆ ಮೂರು ಅಡ್ಡಿ ಇವೆ.

ಒಂದು, ಈಗಿನ ಫೋನಿನಲ್ಲಿ ಡೇಟಾ ಎಲ್ಲ ಎನ್‌ಕ್ರಿಪ್ಟ್ ಆಗಿರುತ್ತೆ. ಆ್ಯಂಡ್ರಾಯ್ಡ್ 10ರ ಜೊತೆ ಬಂದ ಹೊಸ ಫೋನುಗಳಿಗೆ ಇದು ಕಡ್ಡಾಯ. ಕೀಲಿ ಇಲ್ಲದೆ ಚೂರು ಸಿಕ್ಕಿದ್ರೂ ಓದೋಕೆ ಬರಲ್ಲ.

ಎರಡು, ಫೋನಿನ ಮೆಮೊರಿ ಖಾಲಿ ಅಂತ ಗುರುತಾದ ಜಾಗವನ್ನ ಆಗಾಗ ತಾನೇ ಕ್ಲೀನ್ ಮಾಡ್ಕೊಳ್ಳುತ್ತೆ. ನೀವು ಫೋನ್ ಮುಟ್ಟದೇ ಇದ್ರೂ ಈ ಕೆಲಸ ನಡೀತಿರುತ್ತೆ.

ಮೂರು, ಒಂದು ಆ್ಯಪ್‌ನ ಒಳಗಿನ ಡೇಟಾ ಇನ್ನೊಂದು ಆ್ಯಪ್‌ಗೆ ಕಾಣದಂಗೆ ಫೋನೇ ಗೋಡೆ ಕಟ್ಟಿರುತ್ತೆ. ಪ್ರತಿ ಆ್ಯಪ್‌ಗೂ ಬೀಗ ಹಾಕಿದ ಒಂದೊಂದು ಕೋಣೆ ಇದ್ದಂಗೆ. ವಾಟ್ಸ್ಆ್ಯಪ್ ಕೋಣೆಗೆ ಬೇರೆ ಆ್ಯಪ್ ನೇರವಾಗಿ ಹೋಗೋಕೆ ಆಗಲ್ಲ.

'ರೂಟ್ ಮಾಡಿ ತೆಗೆದು ಕೊಡ್ತೀವಿ' ಅನ್ನೋರೂ ಇದ್ದಾರೆ. ರೂಟ್ ಅಂದ್ರೆ ಈ ಬೀಗಗಳನ್ನೆಲ್ಲ ಒಡೆಯೋದು. ಅದಕ್ಕೆ ಬೂಟ್‌ಲೋಡರ್ ಅನ್‌ಲಾಕ್ ಮಾಡ್ಬೇಕು. ಈಗಿನ ಫೋನುಗಳಲ್ಲಿ ಅದನ್ನ ಅನ್‌ಲಾಕ್ ಮಾಡಿದ ಕೂಡ್ಲೇ ಫೋನ್ ಪೂರ್ತಿ ಫಾರ್ಮ್ಯಾಟ್ ಆಗುತ್ತೆ. ಮೆಸೇಜ್ ಹುಡುಕೋಕೆ ಹೋಗಿ ಉಳಿದಿದ್ದೂ ಹೋಗುತ್ತೆ. ರೂಟ್ ಆದ ಫೋನಿನಲ್ಲಿ ಬ್ಯಾಂಕ್ ಆ್ಯಪ್, ಯುಪಿಐ ಆ್ಯಪ್ ಓಡದೇ ಇರೋ ಸಾಧ್ಯತೆನೂ ಇದೆ.

ಹಾಗಾದ್ರೆ ವಾಟ್ಸ್ಆ್ಯಪ್ ಕಂಪನಿ ಹತ್ರ ಇರಲ್ವಾ? ಇರಲ್ಲ. ಮೆಸೇಜ್ ತಲುಪಿದ ಮೇಲೆ ಅದು ಅವರ ಸರ್ವರ್‌ನಲ್ಲಿ ಉಳಿಯಲ್ಲ. ತಲುಪದೇ ಇದ್ರೆ 30 ದಿನ ಇಟ್ಟು ಅಳಿಸ್ತಾರೆ. 2016ರಿಂದ ಮೆಸೇಜ್‌ಗಳು ಎರಡೂ ಕಡೆ ಬೀಗ ಹಾಕಿಕೊಂಡೇ ಹೋಗೋದ್ರಿಂದ ಕಂಪನಿಯೂ ಓದೋಕೆ ಬರಲ್ಲ. ಸಿಮ್ ಕಂಪನಿಗಳು ಯಾರು ಯಾರಿಗೆ ಯಾವಾಗ ಕಾಲ್ ಮಾಡಿದ್ರು, ಎಸ್‌ಎಂಎಸ್ ಕಳಿಸಿದ್ರು ಅನ್ನೋ ದಾಖಲೆಯನ್ನ 2 ವರ್ಷ ಇಡ್ಬೇಕು. ಆದ್ರೆ ಆ ದಾಖಲೆಯಲ್ಲಿ ಎಸ್‌ಎಂಎಸ್ ಒಳಗೆ ಏನಿತ್ತು ಅನ್ನೋದು ಇರಲ್ಲ.

'ಪೊಲೀಸರು ತೆಗೀತಾರಲ್ಲ?'

ಈ ಮಾತು ಬಂದಾಗ ಜಿಲ್ಲೆಯಲ್ಲಿ ಯಾರಿಗಾದ್ರೂ ನೆನಪಾಗೋದು 2024ರ ಜೂನ್‌ನಲ್ಲಿ ನಡೆದ ಚಿತ್ರದುರ್ಗದ ರೇಣುಕಾಸ್ವಾಮಿ ಕೊಲೆ ಪ್ರಕರಣ. ಆ ಪ್ರಕರಣದ ಮಾತು ಶುರುವಾಗಿದ್ದೇ ಇನ್‌ಸ್ಟಾಗ್ರಾಂ ಮೆಸೇಜ್‌ಗಳಿಂದ. ಮೊಬೈಲ್ ರಾಜಕಾಲುವೆಗೆ ಎಸೆದಿದ್ದಾರೆ ಅಂತ ಬೆಂಗಳೂರಿನಲ್ಲಿ ಹುಡುಕಾಟವೂ ನಡೆದಿತ್ತು. ಸೆಪ್ಟೆಂಬರ್‌ನಲ್ಲಿ ಪೊಲೀಸರು ಸಲ್ಲಿಸಿದ ದೋಷಾರೋಪ ಪಟ್ಟಿ 3,991 ಪುಟ ಇತ್ತು. ಅದನ್ನೆಲ್ಲ ಟಿವಿಯಲ್ಲಿ ನೋಡಿದ ಮೇಲೆ 'ಎಷ್ಟೇ ಅಳಿಸಿದ್ರೂ ಸಿಗುತ್ತೆ, ಅವರು ತೆಗೆದಂಗೆ ನಾವೂ ತೆಗೀಬಹುದು' ಅಂತ ಅನ್ನಿಸೋದು ಸಹಜ.

ಆದ್ರೆ ಪೊಲೀಸರ ದಾರಿ ಬೇರೆ. ಫೋನ್ ಜಪ್ತಿ ಆಗುತ್ತೆ, ಇಂಟರ್‌ನೆಟ್ ಸಿಗದಂಗೆ ಇಟ್ಟು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸ್ತಾರೆ. ಅಲ್ಲಿ ಸೆಲೆಬ್ರೈಟ್‌ನಂಥ ದುಬಾರಿ ಉಪಕರಣ ಇಟ್ಟು ತಜ್ಞರು ಕೆಲಸ ಮಾಡ್ತಾರೆ. ಕಾನೂನು ಪ್ರಕಾರ ಕಂಪನಿಗಳಿಗೆ ಪತ್ರ ಬರೆದು ಅಕೌಂಟ್ ಮಾಹಿತಿ ಕೇಳ್ತಾರೆ. ಎಲ್ಲಕ್ಕಿಂತ ದೊಡ್ಡದು, ಒಬ್ಬರು ಅಳಿಸಿದ್ದು ಇನ್ನೊಬ್ಬರ ಫೋನಿನಲ್ಲಿ ಇರುತ್ತೆ, ಆ ಇನ್ನೊಂದು ಫೋನೂ ಅವರ ಕೈಲಿರುತ್ತೆ. ಇಷ್ಟೆಲ್ಲ ಇದ್ರೂ ಪ್ರತಿ ಸಲ ಎಲ್ಲಾ ಸಿಗುತ್ತೆ ಅಂತಿಲ್ಲ. ಪ್ಲೇಸ್ಟೋರ್ ಹೊರಗಿಂದ ಇಳಿಸಿಕೊಂಡ ಒಂದು ಆ್ಯಪ್‌ಗೆ ಇದರಲ್ಲಿ ಒಂದೂ ಇಲ್ಲ.

ಮಾನಿಟರಿಂಗ್ ಆ್ಯಪ್ ಕೆಲಸ ಮಾಡೋದು ಹೇಗೆ?

ಗೋಡೆ ಹಾರೋಕೆ ಆಗಲ್ಲ ಅಂದ ಮೇಲೆ ಆ್ಯಪ್ ಕಿಟಕಿ ಕೇಳುತ್ತೆ. ಮುಖ್ಯವಾಗಿ ಮೂರು ಕಿಟಕಿ.

ನೋಟಿಫಿಕೇಶನ್ ಅನುಮತಿ: ಮೇಲೆ ಬರೋ ನೋಟಿಫಿಕೇಶನ್ ಓದಿ ನಕಲು ಮಾಡ್ಕೊಳ್ಳುತ್ತೆ. ಚಾಟ್ ಮ್ಯೂಟ್ ಆಗಿದ್ರೆ, ಅಥವಾ ಮೆಸೇಜ್ ಬಂದಾಗ ಚಾಟ್ ತೆರೆದೇ ಇದ್ರೆ ಅದಕ್ಕೆ ಏನೂ ಸಿಗಲ್ಲ. ಉದ್ದ ಮೆಸೇಜ್ ಅರ್ಧಕ್ಕೆ ತುಂಡಾಗಿರುತ್ತೆ.

ಆ್ಯಕ್ಸೆಸಿಬಿಲಿಟಿ ಅನುಮತಿ: ಇದು ಕಣ್ಣು ಕಾಣದವರಿಗೆ ಪರದೆ ಓದಿ ಹೇಳೋಕೆ ಅಂತ ಮಾಡಿರೋ ಸೌಲಭ್ಯ. ಇದನ್ನ ಆನ್ ಮಾಡಿ ಕೊಟ್ರೆ ಪರದೆ ಮೇಲೆ ಕಾಣೋದು, ಬೆರಳಲ್ಲಿ ಒತ್ತೋದು ಎರಡೂ ಆ್ಯಪ್‌ಗೆ ಗೊತ್ತಾಗಬಹುದು. ಮೆಸೇಜ್ ಅಷ್ಟೇ ಅಲ್ಲ, ಒಟಿಪಿ, ಪಾಸ್‌ವರ್ಡ್, ಬ್ಯಾಂಕ್ ಬ್ಯಾಲೆನ್ಸ್ ಕೂಡ.

ಬ್ಯಾಕಪ್ ಅಕೌಂಟ್: ಐಫೋನ್ ಆದ್ರೆ ಐಕ್ಲೌಡ್ ಐಡಿ, ಪಾಸ್‌ವರ್ಡ್ ಕೇಳಿ ಅಲ್ಲಿರೋ ಬ್ಯಾಕಪ್ ಓದ್ತಾರೆ. ಬ್ಯಾಕಪ್‌ನಲ್ಲಿ ಇಲ್ಲದ್ದು ಅಲ್ಲೂ ಸಿಗಲ್ಲ.

ಹೀಗೆ ಸಿಕ್ಕಿದ್ದೆಲ್ಲ ಎಲ್ಲಿಗೆ ಹೋಗುತ್ತೆ? ಯಾವುದೋ ದೇಶದ ಯಾವುದೋ ಸರ್ವರ್‌ಗೆ. ಅದು ಭದ್ರವಾಗಿರುತ್ತೆ ಅನ್ನೋ ಹಾಗೂ ಇಲ್ಲ. ಎಂಸ್ಪೈ ಅನ್ನೋ ಹೆಸರಾಂತ ಮಾನಿಟರಿಂಗ್ ಆ್ಯಪ್‌ನ ಗ್ರಾಹಕರ ದಾಖಲೆ 2024ರಲ್ಲಿ ಸೋರಿಕೆ ಆಯ್ತು. ಅದಕ್ಕೂ ಮುಂಚೆ 2015ರಲ್ಲಿ, 2018ರಲ್ಲಿ ಆಗಿತ್ತು. ಪಿಸಿಟ್ಯಾಟಲ್‌ಟೇಲ್ ಅನ್ನೋ ಇನ್ನೊಂದು ಕಂಪನಿ 2024ರಲ್ಲಿ ಹ್ಯಾಕ್ ಆಗಿ ಮುಚ್ಚೇ ಹೋಯ್ತು. ಸ್ಪೈಫೋನ್ ಅನ್ನೋ ಆ್ಯಪ್‌ನ ಕಂಪನಿಗೆ 2021ರಲ್ಲಿ ಅಮೆರಿಕದ ಸರ್ಕಾರಿ ಆಯೋಗ ಈ ವ್ಯವಹಾರವನ್ನೇ ಮಾಡದಂತೆ ನಿಷೇಧ ಹಾಕಿತು. ಮಗನ ಫೋನ್ ಕಾಯೋಕೆ ಅಂತ ಹಾಕಿದ ಆ್ಯಪ್‌ನಿಂದ ಮಗನ ಫೋಟೊ, ಮೆಸೇಜ್, ಓಡಾಡಿದ ಜಾಗ ಎಲ್ಲ ಬೇರೆಯವರ ಕೈ ಸೇರಬಹುದು.

ಎಪಿಕೆ ಫೈಲ್: ಇಲ್ಲೇ ದುಡ್ಡು ಹೋಗೋದು

ಇಂಥ ಆ್ಯಪ್ ಬಹಳಷ್ಟು ಪ್ಲೇಸ್ಟೋರ್‌ನಲ್ಲಿ ಇರಲ್ಲ. ಲಿಂಕ್ ಕಳಿಸಿ ಎಪಿಕೆ ಫೈಲ್ ಇಳಿಸ್ಕೊಳ್ಳಿ ಅಂತಾರೆ. ಆಮೇಲೆ 'ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ, ಅನ್‌ನೋನ್ ಸೋರ್ಸ್ ಆನ್ ಮಾಡಿ, ಆ್ಯಕ್ಸೆಸಿಬಿಲಿಟಿ ಕೊಡಿ' ಅಂತ ಒಂದೊಂದೇ ಹೇಳ್ತಾರೆ. ಆರ್‌ಟಿಒ ಚಲನ್, ಪಿಎಂ ಕಿಸಾನ್, ಮದುವೆ ಕರೆಯೋಲೆ ಹೆಸರಲ್ಲಿ ವಾಟ್ಸ್ಆ್ಯಪ್‌ಗೆ ಬರೋ ಎಪಿಕೆ ವಂಚನೆಯಲ್ಲೂ ಕೇಳೋದು ಇವೇ ಅನುಮತಿಗಳನ್ನ. ಎಸ್‌ಎಂಎಸ್ ಓದೋ ಅನುಮತಿ ಸಿಕ್ಕಿದ್ರೆ ಒಟಿಪಿ ಅವರಿಗೆ ನೇರವಾಗಿ ಹೋಗುತ್ತೆ.

ಅಂಗಡಿಯವರು ಇದನ್ನ ಗಮನ ಇಟ್ಟು ನೋಡ್ಬೇಕು. ಕ್ಯೂಆರ್ ಕೋಡ್‌ಗೆ ಬರೋ ದಿನದ ವ್ಯಾಪಾರದ ದುಡ್ಡೆಲ್ಲ ಇರೋದು ಅದೇ ಫೋನಿನ ನಂಬರ್‌ಗೆ ಜೋಡಿಸಿರೋ ಖಾತೆಯಲ್ಲಿ. ಒಂದು ಮೆಸೇಜ್ ಹುಡುಕೋಕೆ ಹೋಗಿ ಗಲ್ಲಾಪೆಟ್ಟಿಗೆ ಕೀಲಿ ಕೊಟ್ಟಂಗೆ ಆಗುತ್ತೆ.

ಕಾನೂನು ಏನು ಹೇಳುತ್ತೆ?

ಬೇರೆಯವರ ಫೋನಿಗೆ ಅವರಿಗೆ ಹೇಳದೆ ಕಣ್ಗಾವಲು ಆ್ಯಪ್ ಹಾಕೋದು ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 43 ಮತ್ತು 66ರ ಪ್ರಕಾರ ಅನುಮತಿ ಇಲ್ಲದೆ ಇನ್ನೊಬ್ಬರ ಸಾಧನಕ್ಕೆ ಕೈ ಹಾಕಿ ಮಾಹಿತಿ ತೆಗೆದ್ರೆ 3 ವರ್ಷದವರೆಗೆ ಜೈಲು, 5 ಲಕ್ಷ ರೂ.ವರೆಗೆ ದಂಡ, ಅಥವಾ ಎರಡೂ ಆಗಬಹುದು. ಗಂಡ-ಹೆಂಡತಿ ಅಂತ ಈ ಕಾಯ್ದೆಯಲ್ಲಿ ವಿನಾಯಿತಿ ಬರೆದಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದಿರೋ ಭಾರತೀಯ ನ್ಯಾಯ ಸಂಹಿತೆಯ ಕಲಂ 78ರ ಪ್ರಕಾರ, ಮಹಿಳೆ ಇಂಟರ್‌ನೆಟ್, ಇಮೇಲ್ ಅಥವಾ ಬೇರೆ ಎಲೆಕ್ಟ್ರಾನಿಕ್ ಸಂಪರ್ಕ ಬಳಸೋದರ ಮೇಲೆ ಒಬ್ಬ ಗಂಡಸು ಕಣ್ಣಿಟ್ಟರೆ ಅದು ಹಿಂಬಾಲಿಸಿ ಕಾಡುವ ಅಪರಾಧ. ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದ್ರೆ 5 ವರ್ಷದವರೆಗೆ ಶಿಕ್ಷೆ ಇದೆ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

2025ರ ಜುಲೈ 14ರ ಇನ್ನೊಂದು ತೀರ್ಪನ್ನ ಕೆಲವರು ತಪ್ಪಾಗಿ ಹೇಳ್ತಾರೆ. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ವಿಚ್ಛೇದನ ಪ್ರಕರಣದಲ್ಲಿ ಸಂಗಾತಿ ಜೊತೆಗಿನ ಮಾತನ್ನ ಗುಟ್ಟಾಗಿ ರೆಕಾರ್ಡ್ ಮಾಡಿದ್ದನ್ನೂ ಸಾಕ್ಷಿಯಾಗಿ ತಗೋಬಹುದು ಅಂದಿತು. ಅದು ತಾನೇ ಆಡಿದ ಮಾತಿನ ರೆಕಾರ್ಡಿಂಗ್ ಕುರಿತ ತೀರ್ಪು. ಸಂಗಾತಿ ಫೋನಿಗೆ ಸ್ಪೈ ಆ್ಯಪ್ ಹಾಕಿ ಅವರು ಬೇರೆಯವರ ಜೊತೆ ಮಾಡಿದ ಚಾಟ್ ಓದೋಕೆ ಕೊಟ್ಟ ಲೈಸೆನ್ಸ್ ಅಲ್ಲ.

ಮಕ್ಕಳ ಫೋನ್, ಅಂಗಡಿ ಫೋನ್

ಮಕ್ಕಳ ವಿಷಯದಲ್ಲಿ ತಂದೆ-ತಾಯಿಗೆ ಚಿಂತೆ ಇರೋದು ನಿಜ. ಅದಕ್ಕೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಇದೆ, ಉಚಿತ. ಎಷ್ಟು ಹೊತ್ತು ಫೋನ್ ನೋಡ್ತಾರೆ, ಯಾವ ಆ್ಯಪ್ ಹಾಕ್ತಾರೆ ಅಂತ ನೋಡಿ ತಡೀಬಹುದು. ಅದು ಮೆಸೇಜ್ ಓದಲ್ಲ, ಮಗುವಿಗೂ ಗೊತ್ತಿದ್ದೇ ನಡೆಯುತ್ತೆ. ಕದ್ದು ನೋಡಿದ್ದು ಗೊತ್ತಾದ ದಿನ ಮಗು ಇನ್ನೊಂದು ಸಿಮ್ ಹುಡುಕುತ್ತೆ, ಮನೆಯಲ್ಲಿ ಹೇಳೋದನ್ನೇ ಬಿಡುತ್ತೆ.

ಅಂಗಡಿ, ಮಿಲ್, ಸೀರೆ ವ್ಯಾಪಾರದವರು ಕೆಲಸದವರ ಸ್ವಂತ ಫೋನಿಗೆ ಕೈ ಹಾಕೋದು ಬೇಡ. ವ್ಯಾಪಾರಕ್ಕೆ ಬೇರೆ ಸಿಮ್, ಬೇರೆ ಫೋನ್ ಇಡಿ. ಅದರಲ್ಲಿ ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿ, ಲಿಂಕ್ಡ್ ಡಿವೈಸಸ್ ಮೂಲಕ ಮಾಲೀಕರ ಫೋನಿಗೋ ಕಂಪ್ಯೂಟರಿಗೋ ಜೋಡಿಸಿ. ಒಂದು ಅಕೌಂಟ್‌ಗೆ 4 ಸಾಧನ ಜೋಡಿಸಬಹುದು. 'ಇದು ಅಂಗಡಿ ನಂಬರ್, ಇಲ್ಲಿ ಬರೋದು ನಾನೂ ನೋಡ್ತೀನಿ' ಅಂತ ಕೆಲಸದವರಿಗೆ ಮೊದಲೇ ಹೇಳಿ. ಯಾವ ಸ್ಪೈ ಆ್ಯಪೂ ಬೇಕಾಗಲ್ಲ.

ಮೆಸೇಜ್ ಬೇಕೇ ಬೇಕು ಅಂದ್ರೆ ಹೀಗೆ ಮಾಡಿ

1. ಆ ಕಡೆಯವರನ್ನ ಕೇಳಿ. ನೀವು 'ಡಿಲೀಟ್ ಫಾರ್ ಮಿ' ಒತ್ತಿದ್ರೆ ನಿಮ್ಮ ಫೋನಿನಲ್ಲಿ ಮಾತ್ರ ಹೋಗಿರುತ್ತೆ, ಅವರ ಫೋನಿನಲ್ಲಿ ಇರುತ್ತೆ. ಗ್ರೂಪ್ ಆದ್ರೆ ಬೇರೆ ಸದಸ್ಯರ ಹತ್ರ ಇರುತ್ತೆ. ಕೈ ತಪ್ಪಿ ಈಗಷ್ಟೇ ಒತ್ತಿದ್ರೆ ಕೆಳಗೆ 'ಅನ್‌ಡೂ' ಅಂತ ಕೆಲವು ಸೆಕೆಂಡ್ ಕಾಣುತ್ತೆ, ತಕ್ಷಣ ಒತ್ತಿ. 'ಡಿಲೀಟ್ ಫಾರ್ ಎವ್ರಿವನ್' ಆದ್ರೆ ಎರಡೂ ಕಡೆ ಹೋಗುತ್ತೆ. ಕಳಿಸಿದವರು ಸುಮಾರು ಎರಡೂವರೆ ದಿನದೊಳಗೆ ಹಾಗೆ ಅಳಿಸಬಹುದು.

2. ಕಂಪ್ಯೂಟರ್, ಬೇರೆ ಫೋನಿಗೆ ವಾಟ್ಸ್ಆ್ಯಪ್ ಜೋಡಿಸಿದ್ರೆ ಅಲ್ಲಿ ನೋಡಿ. ಅದರ ಪರದೆ ಫೋಟೊ, ಪ್ರಿಂಟ್ ಏನಾದ್ರೂ ತೆಗೆದಿದ್ರಾ ನೆನಪು ಮಾಡ್ಕೊಳ್ಳಿ.

3. ನೋಟಿಫಿಕೇಶನ್ ಹಿಸ್ಟರಿ ನೋಡಿ. ಆ್ಯಂಡ್ರಾಯ್ಡ್ 11 ಮತ್ತು ಆಮೇಲಿನ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ಸ್ ಒಳಗೆ ಇದು ಇದೆ. ಕಳೆದ 24 ಗಂಟೆಯ ನೋಟಿಫಿಕೇಶನ್ ಸಿಗುತ್ತೆ. ಮೊದಲೇ ಆನ್ ಮಾಡಿಟ್ಟಿದ್ರೆ ಮಾತ್ರ. ಇವತ್ತೇ ಆನ್ ಮಾಡಿಡಿ, ಬೇರೆ ಆ್ಯಪ್ ದುಡ್ಡು ತಗೊಂಡು ಮಾಡೋದನ್ನ ಫೋನೇ ಪುಕ್ಕಟೆ ಮಾಡುತ್ತೆ.

4. ಬ್ಯಾಕಪ್ ನೋಡಿ. ವಾಟ್ಸ್ಆ್ಯಪ್ ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್‌ಗೆ ಹೋಗಿ ಕೊನೇ ಬ್ಯಾಕಪ್ ಯಾವಾಗ ಆಗಿದೆ ನೋಡಿ. ಮೆಸೇಜ್ ಬಂದ ಮೇಲೆ, ಅಳಿಸೋ ಮುಂಚೆ ಬ್ಯಾಕಪ್ ಆಗಿದ್ರೆ ಆಸೆ ಇದೆ. ಆ್ಯಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್ಆ್ಯಪ್ ದಿನಾ ರಾತ್ರಿ 2 ಗಂಟೆಗೆ ಫೋನಿನೊಳಗೇ ಒಂದು ಬ್ಯಾಕಪ್ ಮಾಡುತ್ತೆ, ಕೊನೇ ಒಂದು ವಾರದ್ದು ಡೇಟಾಬೇಸಸ್ ಅನ್ನೋ ಫೋಲ್ಡರ್‌ನಲ್ಲಿ ಇರುತ್ತೆ. ಗೂಗಲ್ ಡ್ರೈವ್‌ನಲ್ಲಿ ಮಾತ್ರ ಕೊನೇದು ಒಂದೇ ಇರುತ್ತೆ, ಹೊಸದು ಆದ್ರೆ ಹಳೇದು ಹೋಯ್ತು. ಅದಕ್ಕೇ ಮೆಸೇಜ್ ಕಾಣೆ ಆದದ್ದು ಗೊತ್ತಾದ ಕೂಡ್ಲೇ ಡ್ರೈವ್ ಬ್ಯಾಕಪ್ ಆಫ್ ಮಾಡಿ. 'ಬ್ಯಾಕಪ್ ನೌ' ಮಾತ್ರ ಒತ್ತಬೇಡಿ.

5. ವಾಟ್ಸ್ಆ್ಯಪ್ ತೆಗೆದು ಮತ್ತೆ ಹಾಕಿ ರಿಸ್ಟೋರ್ ಮಾಡೋ ಮುಂಚೆ ಡೇಟಾಬೇಸಸ್ ಫೋಲ್ಡರ್ ಪೂರ್ತಿ ಕಂಪ್ಯೂಟರ್‌ಗೆ ಕಾಪಿ ಮಾಡಿಟ್ಕೊಳ್ಳಿ. ಹಳೇ ಬ್ಯಾಕಪ್ ವಾಪಸ್ ತಂದ್ರೆ ಅದಾದ ಮೇಲೆ ಬಂದ ಮೆಸೇಜ್‌ಗಳು ಹೋಗ್ತವೆ. ಬೇಕಾದ ಚಾಟ್‌ಗಳನ್ನ 'ಎಕ್ಸ್‌ಪೋರ್ಟ್ ಚಾಟ್' ಮಾಡಿ ಇಟ್ಕೊಂಡು ಮುಂದುವರೀರಿ. ಬ್ಯಾಕಪ್‌ಗೆ ಪಾಸ್‌ವರ್ಡ್ ಹಾಕಿದ್ರೆ ಅದು ನೆನಪಿರಲೇಬೇಕು, ಮರೆತ್ರೆ ಕಂಪನಿಯೂ ತೆಗೆದು ಕೊಡಲ್ಲ. ಒಂದೇ ಸಲ ನೋಡೋ ಫೋಟೊ ಆಗಲೇ ತೆರೆದು ನೋಡಿ ಆಗಿದ್ರೆ ಬ್ಯಾಕಪ್‌ಗೆ ಹೋಗಲ್ಲ.

6. ಫೋಟೊ ಆದ್ರೆ ಗೂಗಲ್ ಫೋಟೋಸ್‌ನ ಟ್ರ್ಯಾಶ್ ನೋಡಿ. ಬ್ಯಾಕಪ್ ಆದ ಫೋಟೊ ಅಲ್ಲಿ 60 ದಿನ ಇರುತ್ತೆ. ಜಿಮೇಲ್ ಟ್ರ್ಯಾಶ್‌ನಲ್ಲಿ 30 ದಿನ. ಹೊಸ ಐಫೋನ್‌ಗಳಲ್ಲಿ ಅಳಿಸಿದ ಎಸ್‌ಎಂಎಸ್, ಐಮೆಸೇಜ್ 'ರೀಸೆಂಟ್ಲಿ ಡಿಲೀಟೆಡ್'ನಲ್ಲಿ ಕನಿಷ್ಠ 30 ದಿನ ಉಳಿಯುತ್ತೆ.

ದುಡ್ಡಿನ ತಕರಾರು, ಕೋರ್ಟ್ ಮೆಟ್ಟಿಲು ಹತ್ತೋ ವಿಷಯ ಆದ್ರೆ

ಫೋನ್ ಫಾರ್ಮ್ಯಾಟ್ ಮಾಡಬೇಡಿ, ಎಕ್ಸ್‌ಚೇಂಜ್‌ಗೆ ಕೊಡಬೇಡಿ, ರಿಕವರಿ ಆ್ಯಪ್ ಹಾಕಬೇಡಿ. ಕೋರ್ಟ್‌ನಲ್ಲಿ ಸ್ಕ್ರೀನ್‌ಶಾಟ್ ಪ್ರಿಂಟ್ ಒಂದೇ ಸಾಲಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಕಾರ ಪ್ರಮಾಣಪತ್ರ ಬೇಕು. ಅದರಲ್ಲಿ ಒಂದು ಭಾಗ ಸಾಕ್ಷಿ ಕೊಡೋರು, ಇನ್ನೊಂದು ಭಾಗ ತಜ್ಞರು ತುಂಬಬೇಕು. ಇದು ಹಳೇ ಕಾಯ್ದೆಯಲ್ಲಿ 65ಬಿ ಅಂತ ಇತ್ತು. ಆ ಪ್ರಮಾಣಪತ್ರ ಕಡ್ಡಾಯ, ಆದ್ರೆ ಮೂಲ ಸಾಧನವನ್ನೇ ಅದರ ಮಾಲೀಕರು ಸಾಕ್ಷಿ ಕಟ್ಟೆಗೆ ತಂದು ತೋರಿಸಿದ್ರೆ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ 65ಬಿ ಕುರಿತ ತೀರ್ಪಿನಲ್ಲಿ ಹೇಳಿತ್ತು. ಅಂದ್ರೆ ಹಳೇ ಫೋನೇ ದೊಡ್ಡ ಸಾಕ್ಷಿ. ವಕೀಲರನ್ನ ಕೇಳೋವರೆಗೂ ಅದನ್ನ ಹಾಗೇ ಎತ್ತಿಡಿ.

ಮುಂದಕ್ಕೆ ತಕರಾರೇ ಬೇಡ ಅಂದ್ರೆ ಸುಲಭದ ದಾರಿ ಇದೆ. ರೇಟು, ತೂಕ, ದಿನ, ಅಡ್ವಾನ್ಸ್ ಎಲ್ಲ ಮಾತಾದ ಮೇಲೆ ನೀವೇ ಒಂದು ಮೆಸೇಜ್ ಹಾಕಿ ಅವರಿಂದ 'ಸರಿ' ಅನ್ನಿಸ್ಕೊಳ್ಳಿ. ಅವರು ತಮ್ಮದು ಅಳಿಸಿದ್ರೂ ನಿಮ್ಮದು ಉಳಿಯುತ್ತೆ. ಅದನ್ನೇ ಚೀಟಿಯಲ್ಲೂ ಬರೆದಿಡಿ.

ನಿಮ್ಮ ಫೋನಿಗೇ ಯಾರಾದ್ರೂ ಹಾಕಿದ್ದಾರಾ?

ಸೆಟ್ಟಿಂಗ್ಸ್‌ನಲ್ಲಿ ನಾಲ್ಕು ಜಾಗ ನೋಡಿ. ಆ್ಯಕ್ಸೆಸಿಬಿಲಿಟಿಯಲ್ಲಿ ಗೊತ್ತಿಲ್ಲದ ಆ್ಯಪ್ ಆನ್ ಇದೆಯಾ? ನೋಟಿಫಿಕೇಶನ್ ಆ್ಯಕ್ಸೆಸ್ ಯಾರಿಗಿದೆ? ಡಿವೈಸ್ ಅಡ್ಮಿನ್ ಪಟ್ಟಿಯಲ್ಲಿ ಏನಿದೆ? ಪ್ಲೇ ಪ್ರೊಟೆಕ್ಟ್ ಆಫ್ ಆಗಿದೆಯಾ? ಸ್ಪೈ ಆ್ಯಪ್‌ಗಳು 'ಸಿಸ್ಟಂ ಸರ್ವಿಸ್' ಅಂತೆಲ್ಲ ಹೆಸರಿಟ್ಕೊಂಡು ಐಕಾನ್ ಬಚ್ಚಿಟ್ಟುಕೊಂಡು ಇರ್ತವೆ. ವಾಟ್ಸ್ಆ್ಯಪ್‌ನ ಲಿಂಕ್ಡ್ ಡಿವೈಸಸ್ ಕೂಡ ನೋಡಿ. ನಿಮ್ಮ ಫೋನ್ ಎರಡು ನಿಮಿಷ ಸಿಕ್ಕಿದ್ರೂ ಕ್ಯೂಆರ್ ಸ್ಕ್ಯಾನ್ ಮಾಡಿ ಬೇರೆ ಕಡೆ ಜೋಡಿಸಿಬಿಡಬಹುದು. ಗೊತ್ತಿಲ್ಲದ್ದು ಇದ್ರೆ ಲಾಗ್ ಔಟ್ ಮಾಡಿ.

ಒಂದು ಎಚ್ಚರಿಕೆ. ಮನೆಯಲ್ಲೇ ಹೊಡೆತ-ಬೆದರಿಕೆ ಇರೋ ಹೆಣ್ಣುಮಕ್ಕಳು ಇಂಥ ಆ್ಯಪ್ ಕಂಡ ಕೂಡ್ಲೇ ತೆಗೆಯೋದು ಅಪಾಯ ಆಗಬಹುದು. ತೆಗೆದ ತಕ್ಷಣ ಹಾಕಿದವರಿಗೆ ಗೊತ್ತಾಗುತ್ತೆ, ಸಾಕ್ಷಿಯೂ ಹೋಗುತ್ತೆ. ಆ ಫೋನಿನಲ್ಲಿ ಏನೂ ಹುಡುಕದೆ, ನಂಬಿಕೆಯ ಅಕ್ಕ-ತಂಗಿ, ಗೆಳತಿ ಫೋನಿಂದ 181 ಮಹಿಳಾ ಸಹಾಯವಾಣಿಗೆ ಮಾತಾಡಿ. ಜೀವಕ್ಕೆ ತೊಂದರೆ ಅಂದ್ರೆ 112.

ಆ್ಯಪ್ ಹಾಕಿ ದುಡ್ಡು ಹೋಗಿದ್ರೆ ಮೊದಲು ಫೋನಿನ ಇಂಟರ್‌ನೆಟ್ ಆಫ್ ಮಾಡಿ, ಇನ್ನೊಂದು ಫೋನಿಂದ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ. ಎಷ್ಟು ಬೇಗ ಹೇಳಿದ್ರೆ ದುಡ್ಡು ತಡೆಯೋ ಅವಕಾಶ ಅಷ್ಟು ಜಾಸ್ತಿ. ಆಮೇಲೆ ಚಳ್ಳಕೆರೆ, ಮೊಳಕಾಲ್ಮುರು ಠಾಣೆಗಳಲ್ಲಿ ಅಥವಾ ಚಿತ್ರದುರ್ಗದ ಸಿಇಎನ್ ಠಾಣೆಯಲ್ಲಿ ದೂರು ಕೊಡಿ. ದೂರು ಕೊಡೋಕೆ ನಾಚಿಕೆ ಬೇಡ. 'ಹೆಂಡತಿ ಫೋನ್ ನೋಡೋಕೆ ಹೋಗಿ ದುಡ್ಡು ಹೋಯ್ತು ಅಂತ ಹೆಂಗೆ ಹೇಳೋದು' ಅಂತ ಸುಮ್ಮನಾಗೋರು ಇರ್ತಾರೆ ಅನ್ನೋ ಧೈರ್ಯದ ಮೇಲೇ ಈ ವಂಚಕರ ವ್ಯಾಪಾರ ನಡೆಯೋದು.